ಖಾಜಾ ಗಾಡಿ ಇಳಿದ ವರ್ಷ

ಹೋದ ತಿಂಗಳು ಔರಾದ ತಾಲೂಕಿನ ಒಂದು ಮದುವೆಗೆ ಹೋಗಿದ್ದೆ. ಗಂಡಿನ ಕಡೆಯವರು ಬಾಗಿಲಲ್ಲೇ ಹಿಡಿದು ಕುರ್ಚಿಯ ಮೇಲೆ ಕೂರಿಸಿ ಫೇಟಾ ಕಟ್ಟಿಸಿದರು. ನಮ್ಮ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಅಂಚಿಗೆ ಹೋದಷ್ಟೂ ಈ ಪೇಟದ ಮರ್ಯಾದೆ ಜಾಸ್ತಿ. ಉದ್ದನೆಯ ಬಣ್ಣದ ಬಟ್ಟೆಯನ್ನು ಅತಿಥಿಯ ತಲೆಗೆ ಸುತ್ತಿ, ಮುಂದೆ ಒಂದು ತುರಾಯಿ ನಿಲ್ಲಿಸಿ, ಹಿಂದೆ ಸೆರಗು ಇಳಿಬಿಡುತ್ತಾರೆ. ಹೊಸ ಬಟ್ಟೆಯ ಗಂಜಿಯ ವಾಸನೆಯೂ ಕಟ್ಟುವವನ ಕೈಯ ಅತ್ತರಿನ ವಾಸನೆಯೂ ಕೂಡಿ ಮೂಗಿಗೆ ಬಡಿಯಿತು. ನಾನು ಎಡಕ್ಕೆ ತಿರುಗಿ, “ಖಾಜಾ, ಸೊಟ್ಟ ಆಗ್ಯದೇನು ನೋಡು” ಎಂದೆ. ಪಕ್ಕದಲ್ಲಿ ಯಾರೋ ಗೊತ್ತಿಲ್ಲದವರು ನಿಂತಿದ್ದರು. “ಛಲೋ ಕಾಣ್ತದ್ರಿ” ಎಂದರು, ಪಾಪ. ಖಾಜಾ ಪಕ್ಕದಲ್ಲಿ ನಿಲ್ಲುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ ಎಂಬುದು ನಾಲಿಗೆಗೆ ಇನ್ನೂ ಗೊತ್ತಾಗಿಲ್ಲ.

ಈ ಕತೆ ನಾನು ಮೂರನೆಯ ಸಲ ಸೋತ ಮರುವರ್ಷದ ಬೇಸಿಗೆಯದು. ರಾಜಕಾರಣಿ ಎಂದರೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೋ ನಾನು ಅವನಲ್ಲ. ಒಂದು ಸಲ ಜಿಲ್ಲಾ ಪಂಚಾಯತಿಗೆ ಗೆದ್ದೆ. ಆ ಗೆಲುವಿನ ಮೇಲೆ ಭರವಸೆ ಇಟ್ಟು ವಿಧಾನಸಭೆಗೆ ಮೇಲಿಂದ ಮೇಲೆ ನಿಂತೆ, ಮೇಲಿಂದ ಮೇಲೆ ಬಿದ್ದೆ. ನಮ್ಮ ಪಕ್ಷವೂ ಅಧಿಕಾರಕ್ಕೆ ಬರಲಿಲ್ಲ. ಹೀಗಾಗಿ ನನ್ನ ಇಡೀ ರಾಜಕೀಯ ಜೀವನ ತಹಸೀಲ್ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಧರಣಿ ಕೂಡುವುದರಲ್ಲಿ, ಸಾಹೇಬರು ಹೊರಗೆ ಬಂದಾಗ ಮನವಿ ಪತ್ರ ಕೊಡುವುದರಲ್ಲಿ, ಮರುದಿನ ಪೇಪರಿನಲ್ಲಿ ಆ ಫೋಟೋ ಹುಡುಕುವುದರಲ್ಲಿ ಕಳೆಯಿತು. ಗೆದ್ದವರನ್ನು ಜನ ಐದು ವರ್ಷ ಬೈಯುತ್ತಾರೆ. ಸೋತವನಿಗೆ ಆ ಸುಖವೂ ಇಲ್ಲ.

ವಿರೋಧ ಪಕ್ಷದವನ ಕೈಯಲ್ಲಿ ಏನಿರುತ್ತದೆ ಹೇಳಿ. ಬೋರ್‌ವೆಲ್ ಹಾಕಿಸಲಾರ, ಯಾರ ವರ್ಗಾವಣೆಯನ್ನೂ ನಿಲ್ಲಿಸಲಾರ. ಠಾಣೆಗೆ ಫೋನು ಮಾಡಿದರೆ ಆ ಕಡೆಯವರಿಗೆ ತಟ್ಟನೆ ಕಿವಿ ಕೇಳಿಸದೆ ಹೋಗುತ್ತದೆ. ಅವನ ಹತ್ತಿರ ಉಳಿಯುವುದು ಹಾಜರಿ ಒಂದೇ. ಮದುವೆಗೆ ಹೋಗಬೇಕು, ಮಣ್ಣಿಗೆ ಹೋಗಬೇಕು. ಸತ್ತವರನ್ನು ಮಣ್ಣು ಮಾಡುವಾಗ ಕಂಡ ಮುಖವನ್ನು ನಮ್ಮ ಜನ ಮರೆಯುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಾನು ಬೀದರ, ಭಾಲ್ಕಿ, ಔರಾದ ಮೂರೂ ತಾಲೂಕು ಸುತ್ತಿದ್ದೇನೆ. ಎಷ್ಟು ಅಕ್ಕಿಕಾಳು ಎರಚಿದ್ದೇನೋ, ಎಷ್ಟು ಹಿಡಿ ಮಣ್ಣು ಹಾಕಿದ್ದೇನೋ, ದೇವರಿಗೇ ಗೊತ್ತು.

ಖಾಜಾಮಿಯಾ ನನ್ನ ಗಾಡಿ ಓಡಿಸುತ್ತಿದ್ದ. ಅವನನ್ನು ಡ್ರೈವರ್ ಎಂದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಹಳೆ ಬೀದರಿನ ಮೊಹಲ್ಲಾದಲ್ಲಿ ಅವರಪ್ಪನದು ಸೈಕಲ್ ಅಂಗಡಿ. ನಾವಿಬ್ಬರೂ ಒಂದೇ ಸಾಲೆಯಲ್ಲಿ ಓದಿದವರು. ನನ್ನ ಮೊದಲ ವಿಧಾನಸಭೆ ಚುನಾವಣೆಯಲ್ಲಿ ಆಟೋದಲ್ಲಿ ಮೈಕು ಹಿಡಿದು ಕೂತು ಊರೂರು ತಿರುಗಿದ. ಅವನ ದನಿ ಎಂಥದ್ದೆಂದರೆ, ಹೊಲದಲ್ಲಿ ಕಳೆ ಸದೆ ತೆಗೆಯುವ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು. ಓಟು ಮಾತ್ರ ಬೇರೆ ಕಡೆ ಹಾಕುತ್ತಿದ್ದರು, ಆ ಮಾತು ಬೇರೆ.

ಅವನ ನಿಜವಾದ ಕೆಲಸ ಗಾಡಿ ನಿಂತ ಮೇಲೆ ಶುರುವಾಗುತ್ತಿತ್ತು. ಮದುವೆಯ ಮಂಟಪದ ಮುಂದೆ ನಿಲ್ಲಿಸಿ, “ಕೂಡ್ರಿ ಅಣ್ಣಾ, ನೋಡಿ ಬರ್ತೇನಿ” ಎಂದು ಇಳಿದು ಒಳಗೆ ಹೋಗುತ್ತಿದ್ದ. ಮೈಕಿನವನ ಕಿವಿಯಲ್ಲಿ ಏನೋ ಊದುತ್ತಿದ್ದ. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದ ಭೋಂಗಾದಲ್ಲಿ ನನ್ನ ಹೆಸರು ಹೊರಡುತ್ತಿತ್ತು: ಜಿಲ್ಲೆಯ ಹಿರಿಯ ನಾಯಕರು, ಬಡವರ ಬಂಧುಗಳು, ಸನ್ಮಾನ್ಯ ಸಂಗ್ರಾಮಪ್ಪನವರು ಆಗಮಿಸಿದ್ದಾರೆ, ವೇದಿಕೆಗೆ ಬರಬೇಕು. ಆಗ ನಾನು ಗಾಡಿಯ ಬಾಗಿಲು ತೆಗೆಯುವುದು. ಸತ್ತ ಮನೆಯಾದರೆ ಮೈಕು ಇಲ್ಲ. ಖಾಜಾ ಟೊಪ್ಪಿಗೆ ಸರಿ ಮಾಡಿಕೊಂಡು ಮುಂದೆ ಹೋಗಿ, ದನಿ ಇಳಿಸಿ, “ಅಣ್ಣಾರು ಬಂದಾರ್ರಿ” ಎನ್ನುತ್ತಿದ್ದ. ಯಾರಾದರೂ ಒಂದು ಚಾಪೆ ಹಾಸಿದ ಮೇಲೆ ನನಗೆ ಸನ್ನೆ ಮಾಡುತ್ತಿದ್ದ. ನಾನು ನನ್ನ ಹೆಸರನ್ನು ನನ್ನ ಬಾಯಿಂದ ಹೇಳಿ ಎಷ್ಟು ವರ್ಷವಾಗಿತ್ತೋ ನೆನಪಿಲ್ಲ.

ಆ ಬೇಸಿಗೆಯ ಲಗ್ನಸರಾಯಿ, ಅಂದರೆ ಮದುವೆಯ ಹಂಗಾಮು, ಶುರುವಾಗುವ ಹೊತ್ತಿಗೆ ನಮ್ಮ ಹಿಂದೆ ಬರುವ ಗಾಡಿಗಳು ಒಂದೊಂದಾಗಿ ಕಡಿಮೆಯಾದವು. ಆಳುವ ಪಕ್ಷಕ್ಕೆ ಮೊದಲು ಹೋದವರು ತರುಣರು. ಅವರಿಗೆ ವಯಸ್ಸಿದೆ, ಕಾಯಲು ಪುರುಸೊತ್ತಿಲ್ಲ. ಆಮೇಲೆ ಹಿರಿಯರು ಹೋದರು. ಅವರಿಗೆ ವಯಸ್ಸಾಗಿದೆ, ಅವರಿಗೂ ಕಾಯಲು ಪುರುಸೊತ್ತಿಲ್ಲ. ಕೆಲವರು ಹೇಳದೆ ಹೋದರು. ಒಬ್ಬ ಮಾತ್ರ ಮನೆಗೆ ಬಂದು, ಕಾಲು ಮುಟ್ಟಿ, “ಅಣ್ಣಾ, ಮನಸ್ಸೆಲ್ಲಾ ನಿಮ್ಮ ಹತ್ರೇ ಇರ್ತದ್ರಿ. ಬರೇ ಮೈ ಅಷ್ಟೇ ಆಕಡಿ ಹೋಗ್ತದ” ಎಂದ. ಅವನ ಮೈ ಹೋದ ಮೇಲೆ ಮನಸ್ಸು ಒಂದು ದಿನವೂ ನನ್ನನ್ನು ನೋಡಲು ಬರಲಿಲ್ಲ.

ನನ್ನನ್ನು ಆಳುವ ಪಕ್ಷದವರು ಕರೆದರೇ ಎಂದು ಕೆಲವರು ಕೇಳುತ್ತಾರೆ. ಕರೆಯಲಿಲ್ಲ. ಕರೆದಿದ್ದರೆ ‘ನಾನು ಒಲ್ಲೆ ಎಂದೆ’ ಎಂದು ಹೇಳಿಕೊಂಡು ತಿರುಗಬಹುದಿತ್ತು. ಆ ಮಟ್ಟದ ಉಪಕಾರವನ್ನೂ ಅವರು ಮಾಡಲಿಲ್ಲ.

ನಮ್ಮ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರೊಳಗೊಂದು ಸೇರಿ ಗೋಡೆಗೆ ಒರಗಿ ನಿಂತವು. ಮೊದಲು ಬೆಳಗಾದರೆ ಅವು ಅಂಗಳದ ತುಂಬ ಹರಡಿರುತ್ತಿದ್ದವು, ಚಹಾದ ಪಾತೇಲಿ ಒಲೆಯಿಂದ ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ ಸುವರ್ಣಾ ಇಷ್ಟು ವರ್ಷ ಆ ಚಹಾ ಮಾಡಿ ಮಾಡಿ ಬೇಸತ್ತವಳು. ಒಂದು ದಿನ ಇಬ್ಬರಿಗೆಂದು ಸಣ್ಣ ಪಾತ್ರೆಯಲ್ಲಿ ಚಹಾ ಇಟ್ಟು, ಅದು ಕುದಿಯುವುದನ್ನು ನೋಡುತ್ತ ನಿಂತಳು. “ಇಷ್ಟ್ ಕಮ್ಮಿ ಚಹಾಕ ಸಕ್ರಿ ಎಷ್ಟ್ ಹಾಕ್ಬೇಕಂತ ಮರ್ತೇ ಹೋಗ್ಯದ ನೋಡ್ರಿ” ಎಂದಳು. ಆ ದಿನ ಚಹಾ ಪಾಯಸದಂತಿತ್ತು. ಇಬ್ಬರೂ ಅದನ್ನೇ ಕುಡಿದೆವು.

ಔರಾದದ ಕಡೆಯ ಒಂದು ದೊಡ್ಡ ಮದುವೆ ಆ ವರ್ಷದ್ದೇ. ಬಿಸಿಲು ಎಂದರೆ ಬಿಸಿಲು. ಶಾಮಿಯಾನದ ಒಳಗೆ ನೀರು ಚಿಮ್ಮಿಸುವ ದೊಡ್ಡ ಫ್ಯಾನುಗಳನ್ನು ಇಟ್ಟಿದ್ದರು, ಅದರ ಮುಂದೆ ಕೂತವರು ಮಾತ್ರ ತೊಯ್ದು ಉಳಿದವರೆಲ್ಲ ಬೇಯುತ್ತಿದ್ದರು. ಖಾಜಾ ಎಂದಿನಂತೆ ಮುಂದೆ ಹೋದ, ಹೆಸರು ಹೊರಟಿತು, ನಾನು ಒಳಗೆ ಹೋದೆ. ವೇದಿಕೆಯ ಮೇಲೆ ಫೇಟಾ ಕಟ್ಟುವ ಮನುಷ್ಯ ನನ್ನ ತಲೆಗೆ ಬಟ್ಟೆ ಸುತ್ತತೊಡಗಿದ. ಅರ್ಧ ಆಗಿತ್ತು ಅಷ್ಟೆ, ಹೊರಗೆ ಪಟಾಕಿ ಹಾರಿದವು. ಆಳುವ ಪಕ್ಷದ ಶಾಸಕರು ಬಂದರು. ಶಾಮಿಯಾನದಲ್ಲಿದ್ದ ಜನರೆಲ್ಲ ಎದ್ದು ಆ ಕಡೆ ಹರಿದರು. ಮದುಮಗಳ ಅಪ್ಪ ಬಂದು ಫೇಟಾದವನ ತೋಳು ಹಿಡಿದು, “ಏ, ಚಲ್ ಚಲ್, ಸಾಹೇಬ್ ಆಲೇತ್” ಎಂದು ಎಳೆದುಕೊಂಡು ಹೋದ. ನನ್ನ ತಲೆಯ ಮೇಲೆ ಅರ್ಧ ಫೇಟಾ. ಉಳಿದ ಬಟ್ಟೆ ಹೆಗಲಿನಿಂದ ಇಳಿದು ವೇದಿಕೆಯ ಮೇಲೆ ಹಾವಿನಂತೆ ಬಿದ್ದಿತ್ತು.

ಬಿಚ್ಚಿದರೆ ಮದುವೆ ಮನೆಗೆ ಅಪಶಕುನ, ಹಾಗೇ ನಿಂತರೆ ನಗೆಪಾಟಲು. ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತೆ. ಫೋಟೋದವನು ಒಂದು ಫೋಟೋ ಹೊಡೆದು, ಯಾಕೆ ಹೊಡೆದೆ ಎಂಬಂತೆ ಕ್ಯಾಮೆರಾ ನೋಡಿಕೊಂಡು ಆ ಕಡೆ ಓಡಿದ. ಅಷ್ಟರಲ್ಲಿ ಖಾಜಾ ವೇದಿಕೆ ಹತ್ತಿ ಬಂದ. ಬಟ್ಟೆಯ ತುದಿ ಎತ್ತಿ ಝಾಡಿಸಿದ.

“ನಿನಗ ಬರ್ತದೇನೋ ಕಟ್ಲಿಕ್ಕ?” ಎಂದೆ.

“ಇಲ್ಲ ಅಣ್ಣಾ. ಆದ್ರ ಇಲ್ಲಿ ಯಾರಿಗಿ ಪುರುಸೊತ್ ಅದ ನೋಡ್ಲಿಕ್ಕ?”

ಹೀಗೆಂದು ಗಾಡಿಯ ಮೇಲೆ ಸಾಮಾನು ಬಿಗಿಯುವವನ ಹಾಗೆ ಸುತ್ತಿ ಸುತ್ತಿ ಕಟ್ಟಿದ. ತುರಾಯಿ ಕಿವಿಯ ಮೇಲೆ ಬಂತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಕ್ಕಿಕಾಳು ಬೀಳುವವರೆಗೂ ವೇದಿಕೆಯ ಮೂಲೆಯಲ್ಲಿ ಭುಜ ಕುಣಿಸಿ ನಗುತ್ತ ನಿಂತಿದ್ದೆವು. ವಾಪಸು ಬರುವಾಗ ಸಂತಪುರ ದಾಟಿದ ಮೇಲೆ ನನಗೆ ಅಳು ಬಂತು. ಖಾಜಾ ಕನ್ನಡಿಯಲ್ಲಿ ನೋಡಿ ಗಾಡಿಯ ವೇಗ ಇಳಿಸಿದ. ಎಲ್ಲರೂ ಹೋಗಲಿ, ಇವನೊಬ್ಬ ಇದ್ದರೆ ಸಾಕು ಎಂದು ಆವತ್ತು ಅಂದುಕೊಂಡೆ.

ಅದಾದ ಕೆಲವು ವಾರಕ್ಕೆ ಭಾತಂಬ್ರಾದ ಕಾಶಿನಾಥಪ್ಪ ತೀರಿಕೊಂಡರೆಂದು ವಾಟ್ಸಾಪಿನಲ್ಲಿ ಬಂತು. ಕೈಮುಗಿದ ಫೋಟೋ, ಎರಡೂ ಕಡೆ ದೀಪ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಕಾಶಿನಾಥಪ್ಪ ನಮ್ಮ ಪಕ್ಷದಲ್ಲಿ ನನ್ನ ಜೊತೆ ಬೆಳೆದ ಮನುಷ್ಯ. ಹೋದ ಚುನಾವಣೆಗೆ ಮುಂಚೆ ಅತ್ತ ಕಡೆ ಹೋಗಿದ್ದರು. ಮಾತು ಬಿಟ್ಟಿದ್ದೆವು. ಆದರೂ ಫೋಟೋ ನೋಡಿ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದ ಮರುಗಳಿಗೆಯೇ ಇನ್ನೊಂದು ಯೋಚನೆ ಬಂತು: ಅವರ ಪಕ್ಷದವರು ಮುಟ್ಟುವ ಮೊದಲು ನಾನು ಮುಟ್ಟಬೇಕು. ನಮ್ಮ ಕಸುಬಿನಲ್ಲಿ ಸತ್ತ ಮನೆಗೂ ಓಟ ಇರುತ್ತದೆ. ಮೊದಲು ಬಂದವನ ಮಾಲೆಯನ್ನು ಮನೆಯವರು ನೋಡುತ್ತಾರೆ, ಆಮೇಲಿನವು ಒಂದರ ಮೇಲೊಂದು ಬಿದ್ದು ಯಾರದೋ ಏನೋ ಆಗುತ್ತವೆ. ಆದ್ದರಿಂದ ನಾವು ಯಾರೂ ಫೋನು ಮಾಡಿ ಕೇಳುವುದಿಲ್ಲ, ಗಾಡಿ ಹತ್ತಿಬಿಡುತ್ತೇವೆ.

ದಾರಿಯಲ್ಲಿ ದೊಡ್ಡದೊಂದು ಸೇವಂತಿಗೆ ಮಾಲೆ ತೆಗೆದುಕೊಂಡೆವು. ಭಾಲ್ಕಿ ದಾಟಿ ಭಾತಂಬ್ರಾ ಮುಟ್ಟಿದಾಗ ಕಾಶಿನಾಥಪ್ಪನವರ ಮನೆಯ ಮುಂದೆ ಜನ ಇರಲಿಲ್ಲ. ನಾನೇ ಮೊದಲಿಗ ಎಂದು ಸಮಾಧಾನವಾಯಿತು. ಖಾಜಾ ಇಳಿದು, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. ಹೋದವನು ಹೋದ ಹಾಗೇ ಹೊರಗೆ ಬಂದ. ಕಿಟಕಿಯ ಹತ್ತಿರ ಬಗ್ಗಿ ನಿಂತ.

“ಅಣ್ಣಾ, ಮಯ್ಯತ್ ಚಹಾ ಕುಡಿಲಿಕತ್ಯಾರ.”

“ಏನಂದಿ? ಸತ್ತವರು ಚಹಾ ಕುಡಿತಾರೇನೋ?”

“ಖರೇನ ಅಣ್ಣಾ. ಬನಿಯನ್ ಹಾಕ್ಕೊಂಡು ಕುಂತಾರ. ಟೋಸ್ಟ್ ಅದ್ದಿ ತಿನ್ಲಿಕತ್ಯಾರ.”

ಅದೇ ಊರಿನ ಕೆಳಗಿನ ಓಣಿಯಲ್ಲಿ ಇನ್ನೊಬ್ಬ ಕಾಶಿನಾಥಪ್ಪ ಇದ್ದರು. ತೀರಿಕೊಂಡವರು ಅವರು. ಯಾರೋ ಉತ್ಸಾಹಿ ಚುನಾವಣೆಯ ಕಾಲದ ಈ ಕಾಶಿನಾಥಪ್ಪನ ಫೋಟೋ ಹುಡುಕಿ ಹಾಕಿ ಊರಿಗೆಲ್ಲ ಹಂಚಿಬಿಟ್ಟಿದ್ದ. ಗಾಡಿ ತಿರುಗಿಸಿ ಓಡೋಣ ಎನ್ನುವಷ್ಟರಲ್ಲಿ ಸತ್ತವರೇ ಬಾಗಿಲಿಗೆ ಬಂದು ನಿಂತರು. ನನ್ನ ತೊಡೆಯ ಮೇಲೆ ಅಷ್ಟು ದೊಡ್ಡ ಮಾಲೆ.

“ಬರ್ರಿ ಸಂಗ್ರಾಮಪ್ಪನೋರೇ, ನಾಚಿಗೋಬ್ಯಾಡ್ರಿ” ಎಂದರು ಕಾಶಿನಾಥಪ್ಪ. “ನನ್ನ ಫೋನಿಗೂ ಬಂದದ ಆ ಫೋಟೋ. ಮಾಲಿ ನನಗೇ ತಂದೀರಲ್ಲ? ಹಾಕ್ರಿ. ಜೀವ ಇದ್ದಾಗ ಹಾಕಿದ್ರ ವಾಸನಿಯಾದ್ರೂ ಗೊತ್ತಾಗ್ತದ.”

ಬೇಡ ಬೇಡ ಎಂದರೂ ಕೇಳಲಿಲ್ಲ, ಕುತ್ತಿಗೆ ಬಗ್ಗಿಸಿ ನಿಂತರು. ಹಾಕಿದೆ. ಬನಿಯನ್ನಿನ ಮೇಲೆ ಸೇವಂತಿಗೆ ಮಾಲೆ ಹಾಕಿಕೊಂಡು ಮಂಚದ ಮೇಲೆ ಕೂತು ನನಗೂ ಚಹಾ ತರಿಸಿದರು. ಖಾಜಾ ಕೆಳಗಿನ ಓಣಿಯ ಮನೆ ಯಾವುದೆಂದು ವಿಚಾರಿಸಲು ಹೋದ. ಕಾಶಿನಾಥಪ್ಪ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತ ಕೂತರು.

“ನಮ್ಮ ಪಕ್ಷದವರು ಒಬ್ಬರೂ ಬಂದಿಲ್ಲ ನೋಡ್ರಿ” ಎಂದರು. “ಮುಂಜಾನಿಂದ ಸತ್ತು ಕುಂತೀನಿ. ನೀವೊಬ್ಬರೇ ಬಂದೀರಿ.”

ಅವರು ನಗುತ್ತಲೇ ಅಂದರು, ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟು ಆ ಗಳಿಗೆಯಲ್ಲಿ ಕರಗಿತು. ಅವರಿಗೂ ಏನೋ ಕರಗಿರಬೇಕು. ಕಪ್ಪು ಕೆಳಗಿಟ್ಟು ಹತ್ತಿರ ಸರಿದರು.

“ಒಂದ್ ಮಾತ್ ಕೇಳ್ತೇನಿ. ಖಾಜಾ ನಿಮಗ ಏನಾದ್ರೂ ಹೇಳ್ಯಾನೇನ್ರಿ, ಮಗಳ ವಿಷಯ?”

“ಯಾವ ವಿಷಯ?”

“ಹೇಳಿಲ್ಲಂದ್ರ ಹೇಳಿಲ್ಲ ಬಿಡ್ರಿ. ಅಂವ ಹೇಳೋ ಪೈಕಿ ಅಲ್ಲ.” ಆದರೂ ಅವರೇ ಹೇಳಿದರು. ಖಾಜಾನ ಮಗಳು ಸಬಾ ಒಂದು ಸರಕಾರಿ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಮಳೆಗಾಲಕ್ಕೆ ಹೊಸ ಗುತ್ತಿಗೆ. ಅದರಲ್ಲಿ ಅವಳ ಹೆಸರು ಉಳಿಯಬೇಕೆಂದರೆ ಅಪ್ಪ ಆಳುವ ಪಕ್ಷದ ಶಾಲು ಹಾಕಿಕೊಳ್ಳಬೇಕು. ಹಳೆ ಬೀದರಿನ ಮೊಹಲ್ಲಾಗಳಲ್ಲಿ ಖಾಜಾನ ಮಾತು ನಡೆಯುತ್ತದೆ, ಅವರಿಗೆ ಅವನು ಬೇಕು. “ಎಲ್ಲಾರಿಗಿ ಗೊತ್ತದ್ರಿ. ಮೂರ್ ಸಲ ಕರ್ದಾರ. ಅಂವ ಹೂಂ ಅಂದಿಲ್ಲ, ಊಹೂಂನೂ ಅಂದಿಲ್ಲ. ನಿಮ್ಮ ಮಾರಿ ನೋಡ್ಕೋತ ಕುಂತಾನ.”

ಹೊರಗೆ ಹಾರ್ನ್ ಕೇಳಿಸಿತು. ಖಾಜಾ ಮನೆ ಹುಡುಕಿಕೊಂಡು ಬಂದಿದ್ದ. ನಿಜವಾಗಿ ತೀರಿಕೊಂಡ ಕಾಶಿನಾಥಪ್ಪನ ಮನೆಗೆ ಬರಿಗೈಯಲ್ಲಿ ಹೋದೆವು.

ಸಬಾಳನ್ನು ನಾನು ತೊಟ್ಟಿಲಲ್ಲಿ ನೋಡಿದವನು. ಆ ಕೆಲಸ ಅವಳಿಗೆ ಯಾರೂ ಕೊಡಿಸಿದ್ದಲ್ಲ, ನನ್ನಿಂದಂತೂ ಆಗುವ ಮಾತಲ್ಲ. ಓದಿ, ಪರೀಕ್ಷೆ ಬರೆದು, ಸಾಲಿನಲ್ಲಿ ನಿಂತು ಪಡೆದಿದ್ದಳು. ಕೆಲಸ ಸಿಕ್ಕ ದಿನ ಪೇಢೆ ತಂದು ನನ್ನ ಬಾಯಿಗೆ ಹಾಕಿ, “ಬಡೇ ಅಬ್ಬಾ, ಈಗ ಅಬ್ಬಾಗ ಬೈಬ್ಯಾಡ್ರಿ. ನಾ ಸರಕಾರಿ ಮನಶಾ” ಎಂದು ಕುಣಿದಿದ್ದಳು. ಅವರ ಮನೆ ಆಮೇಲೆ ಅವಳ ಸಂಬಳದ ಮೇಲೆಯೇ ನಡೆಯುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಆದ್ದರಿಂದ ಮಾಡಬೇಕಾದದ್ದೂ ಗೊತ್ತಿತ್ತು. ‘ನೀ ಹೋಗು’ ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಆ ಉಳಿದ ಬೇಸಿಗೆಯೆಲ್ಲ ಇಬ್ಬರೂ ಒಂದೇ ಗಾಡಿಯಲ್ಲಿ ಒಂದೇ ವಿಷಯವನ್ನು ಮುಚ್ಚಿಟ್ಟುಕೊಂಡು ತಿರುಗಿದೆವು. ಖಾಜಾ ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದ. ಕಮಠಾಣದ ದಾರಿಯಲ್ಲಿ ಹೊಲಕ್ಕೆ ತಿಪ್ಪೆಗೊಬ್ಬರ ಹಾಕುವುದನ್ನು ನೋಡಿದರೆ ಅದರ ಮೇಲೊಂದು ಮಾತು, ಎದುರಿಗೆ ಬಂದ ಬಸ್ಸಿನ ಮೇಲೊಂದು ಮಾತು. ಅವನು ಮಾತಾಡಿದಷ್ಟೂ ನನಗೆ ಹೆದರಿಕೆ ಹೆಚ್ಚುತ್ತಿತ್ತು. ಈಗ ಹೇಳುತ್ತಾನೆ, ಇನ್ನೊಂದು ಊರು ದಾಟಿದರೆ ಹೇಳುತ್ತಾನೆ ಎಂದು ಕೂತಿರುತ್ತಿದ್ದೆ. ಊರು ದಾಟುತ್ತಿತ್ತು. ಮಂಟಪ ಬರುತ್ತಿತ್ತು. “ಕೂಡ್ರಿ ಅಣ್ಣಾ, ನೋಡಿ ಬರ್ತೇನಿ” ಎಂದು ಇಳಿದು ಹೋಗುತ್ತಿದ್ದ. ಅವನ ಬೆನ್ನು ಜನರೊಳಗೆ ಕಾಣದಾಗುವುದನ್ನು ಗಾಡಿಯಲ್ಲಿ ಕೂತು ನೋಡುತ್ತಿದ್ದೆ. ಜಗತ್ತಿನಲ್ಲಿ ನನ್ನಷ್ಟು ಒಂಟಿ ಯಾರೂ ಇಲ್ಲ ಎಂದು ಆಗ ಅನಿಸುತ್ತಿತ್ತು.

ಸುವರ್ಣಾಳಿಗೆ ಹೇಳಿದೆ. ಅವಳು ಹಪ್ಪಳ ಒಣಹಾಕುತ್ತಿದ್ದಳು.

“ಅಂವ ತನ್ನ ಬಾಯ್ಲೆ ಹ್ಯಾಂಗ ಹೇಳ್ಬೇಕ್ರಿ? ನೀವೇ ಹೇಳ್ಬೇಕು.”

“ಅಂವ ಹೋದ್ರ ನಾ ಯಾರ ಜೋಡಿ ಹೋಗ್ಲಿ?”

“ಮನ್ಯಾಗ ಕೂಡ್ರಿ. ಹಪ್ಪಳ ಕಾಯ್ರಿ, ಕಾಗಿ ಭಾಳ ಆಗ್ಯಾವ.” ಅಷ್ಟು ಹೇಳಿ ನನ್ನ ಮುಖ ನೋಡಿದಳು. ಆಮೇಲೆ ದನಿ ಇಳಿಸಿದಳು. “ಆ ಹುಡುಗಿ ಕೆಲಸ ಹೋದ್ರ ಅವರ ಮನ್ಯಾಗ ಏನ್ ಆಗ್ತದ ಅಂತ ನನಗಿಂತ ನಿಮಗೇ ಗೊತ್ತದ. ತಡಾ ಮಾಡಬ್ಯಾಡ್ರಿ.”

ಮೊದಲ ದೊಡ್ಡ ಮಳೆ ನಮ್ಮನ್ನು ಮಾಂಜ್ರಾ ಹೊಳೆಯ ಸೇತುವೆಯ ಹತ್ತಿರ ಹಿಡಿಯಿತು. ಔರಾದದಿಂದ ಬೀದರಿಗೆ ಬರುತ್ತಿದ್ದೆವು, ಸಂಜೆಗೆ ಇನ್ನೂ ಹೊತ್ತಿತ್ತು. ಮೊದಲು ಧೂಳು ಎದ್ದಿತು, ಆಮೇಲೆ ಕರಿಮಣ್ಣಿನ ವಾಸನೆ, ಅದರ ಹಿಂದೆಯೇ ಹನಿ. ನೋಡ ನೋಡುತ್ತಿದ್ದಂತೆ ಎದುರಿನ ದಾರಿ ಕಾಣದಾಯಿತು. ಖಾಜಾ ಗಾಡಿಯನ್ನು ಬದಿಗೆ ನಿಲ್ಲಿಸಿದ. ಬಿತ್ತನೆಗೆ ಕಾಯುತ್ತಿದ್ದ ಯಾರೋ ಹೊಲದಲ್ಲಿ ಕೊಡೆ ಇಲ್ಲದೆ ನಿಂತು ಮಳೆಗೆ ಮುಖ ಒಡ್ಡಿದ್ದರು. ಈ ಹೆದರಿಕೆ ಇಟ್ಟುಕೊಂಡು ಇನ್ನು ಒಂದು ಊರೂ ದಾಟಲಾರೆ ಎನಿಸಿತು.

“ಖಾಜಾ, ಸಬಾಳ ವಿಷಯ ನನಗ ಗೊತ್ತಾಗ್ಯದ.”

ಅವನು ಹಿಂದೆ ತಿರುಗಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆಯೇ ಇದ್ದವು.

“ಯಾರ್ ಹೇಳಿದ್ರಣ್ಣಾ?”

“ಚಹಾ ಕುಡಿಲಿಕತ್ತಿದ್ರಲ್ಲ, ಆ ಮಯ್ಯತ್.”

ನಕ್ಕ. ನಗುತ್ತ ನಗುತ್ತ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ನಾನು ಕಲಿತು ಬಂದ ಪಾಠದ ಹಾಗೆ ಒಂದೇ ಉಸಿರಿಗೆ ಹೇಳಿದೆ. “ನೀ ಹೋಗು. ಹುಡುಗಿ ಕೆಲಸ ಉಳೀಲಿ. ನನಗೇನ್ ಆಗೂದಿಲ್ಲ. ಪಕ್ಷ ಬ್ಯಾರೆ ಆದ್ರ ಮಂದಿ ಬ್ಯಾರೆ ಆಗ್ತಾರೇನು? ನೀ ಹೋಗು.”

ಹೇಳಿದೆ, ಹೇಳಿ ಕಾದೆ. ‘ನಕ್ಕೋ ಅಣ್ಣಾ, ಒಲ್ಲೆ’ ಎನ್ನುತ್ತಾನೆ ಎಂದು ಕಾದೆ. ಹೋಗು ಎಂದದ್ದು ನಿಜ. ಆದರೆ ಒಂದೇ ಒಂದು ಸಲ ಅವನು ಒಲ್ಲೆ ಎನ್ನಲಿ, ಆಮೇಲೆ ನಾನೇ ಒತ್ತಾಯ ಮಾಡಿ ಕಳಿಸುತ್ತೇನೆ ಎಂದು ಮನಸ್ಸಿನಲ್ಲಿತ್ತು. ಗಾಜಿನ ಮೇಲೆ ನೀರು ಸುರಿಯುತ್ತಿತ್ತು. ಖಾಜಾ ಅಂಗೈಯಿಂದ ಗಾಜಿನ ಒಳಗಿನ ಮಬ್ಬು ಒರೆಸಿದ.

“ಯಾವತ್ತ ಹೋಗ್ಲಿ ಅಣ್ಣಾ?” ಎಂದ.

ಅವನ ದನಿಯಲ್ಲಿ ಅಷ್ಟು ಹಗುರ ಇತ್ತು. ಎಷ್ಟು ತಿಂಗಳಿಂದ ಆ ಭಾರ ಹೊತ್ತು ನನ್ನನ್ನು ಮದುವೆ ಮಣ್ಣು ತಿರುಗಿಸಿದ್ದನೋ. ನನಗೆ ಅವನ ಮೇಲೆ ಸಿಟ್ಟು ಬಂತು ಎಂದರೆ ಸುಳ್ಳಲ್ಲ. ಸಿಟ್ಟು ಇಳಿದ ಮೇಲೆ ಉಳಿದದ್ದಕ್ಕೆ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಸೇರ್ಪಡೆಯ ಕಾರ್ಯಕ್ರಮ ಬೀದರಿನ ಒಂದು ಫಂಕ್ಷನ್ ಹಾಲಿನಲ್ಲಿತ್ತು. ಆ ದಿನ ಬೆಳಿಗ್ಗೆ ಖಾಜಾ ಎಂದಿನಂತೆ ನಮ್ಮ ಮನೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟೊಪ್ಪಿಗೆ. ಸುವರ್ಣಾ ಚಹಾ ಕೊಟ್ಟಳು. ಆ ದಿನ ಸಕ್ಕರೆ ಸರಿಯಾಗಿತ್ತು. ನನಗೆ ಜನವಾಡದಲ್ಲಿ ಒಂದು ಸಾವಿನ ಮನೆಗೆ ಹೋಗುವುದಿತ್ತು. ನಮ್ಮ ಧರಣಿಗೆಲ್ಲ ತಪ್ಪದೆ ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬ ಹಿರಿಯರು ಎರಡು ದಿನದ ಹಿಂದೆ ತೀರಿಕೊಂಡಿದ್ದರು. “ಮೊದ್ಲ ನಿಮಗ ಜನವಾಡಕ್ಕ ಒಯ್ದು ಬಂದು, ಆಮ್ಯಾಗ ನಾ ಹೋಗ್ತೇನಿ ಅಣ್ಣಾ” ಎಂದ ಖಾಜಾ. ಹೊತ್ತಾಗುತ್ತದೆ, ನಿನ್ನನ್ನು ಹಾಲಿಗೆ ಬಿಟ್ಟು ನಾನೇ ಹೋಗುತ್ತೇನೆ ಎಂದೆ. ಹಾಲಿನವರೆಗೆ ಅವನೇ ಓಡಿಸಿದ.

ಹಾಲಿನ ಗೇಟಿನ ಮುಂದೆ ಇಳಿದು ಕೀಲಿಕೈ ನನ್ನ ಕೈಗೆ ಕೊಟ್ಟ.

“ಕ್ಲಚ್ ಬಿಗಿ ಅದಣ್ಣಾ. ಮೆತ್ತಗ ಬಿಡ್ರಿ.”

“ಹೂಂ.”

“ಮಳಿ ಬಂದ್ರ ವೈಪರ್ ಅರ್ಧಕ್ಕ ನಿಲ್ತದ. ಕೈಲೆ ಒಂದ್ ಏಟ್ ಹಾಕ್ರಿ.”

“ಹೂಂ. ಹೋಗು, ಕರೀಲಿಕತ್ಯಾರ.”

ಹೋದ. ನಾನು ಹಿಂದಿನ ಸೀಟಿನಿಂದ ಇಳಿದು ಮುಂದೆ ಬಂದು ಕೂತೆ. ಸೀಟು ಅವನ ಕಾಲಿನ ಅಳತೆಗೆ ಇತ್ತು, ನನಗೆ ಕ್ಲಚ್ ಸಿಗಲಿಲ್ಲ. ಅದನ್ನು ಮುಂದೆ ಸರಿಸುವ ಹಿಡಿಕೆ ಎಲ್ಲಿದೆ ಎಂದು ತಡಕಾಡುತ್ತಿರುವಾಗ ಒಳಗಿನ ಭೋಂಗಾದಲ್ಲಿ ಹೆಸರು ಕೇಳಿಸಿತು: ಬೀದರ ನಗರದ ಹಿರಿಯ ಮುಖಂಡರು, ಬಡವರ ಬಂಧುಗಳು, ಸನ್ಮಾನ್ಯ ಖಾಜಾಮಿಯಾ ಸಾಹೇಬರು ಇಂದು ನಮ್ಮ ಪಕ್ಷಕ್ಕೆ ಸೇರ್ಪಡೆಯಾಗುತ್ತಿದ್ದಾರೆ, ವೇದಿಕೆಗೆ ಬರಬೇಕು. ಚಪ್ಪಾಳೆ ಬಿತ್ತು. ಜೀವನವೆಲ್ಲ ಇನ್ನೊಬ್ಬನ ಹೆಸರು ಕೂಗಿದ ಮನುಷ್ಯನ ಹೆಸರನ್ನು ಕೊನೆಗೂ ಯಾರೋ ಕೂಗಿದ್ದರು. ನನಗೆ ಖುಷಿಯಾಯಿತು. ಹೊಟ್ಟೆಯೂ ಉರಿಯಿತು. ಸೀಟು ಮುಂದೆ ಬಂತು, ಗಾಡಿ ಒಂದೆರಡು ಸಲ ಜಿಗಿದು ಹೊರಟಿತು.

ಮಳೆ ನಿಂತಿತ್ತು. ಜನವಾಡದ ದಾರಿಯ ಎರಡೂ ಬದಿ ಹೊಲಗಳಲ್ಲಿ ಬಿತ್ತನೆ ನಡೆದಿತ್ತು, ಯಾರೂ ತಲೆ ಎತ್ತಿ ನೋಡಲಿಲ್ಲ. ಮೆತ್ತಗೆ ಓಡಿಸಿಕೊಂಡು ಹೋದೆ. ಆ ಮನೆ ಕೇಳಿ ತಿಳಿದುಕೊಂಡು ಅದರ ಮುಂದೆ ನಿಲ್ಲಿಸಿದೆ. ನಿಲ್ಲಿಸಿ ಗಾಡಿಯಲ್ಲೇ ಕೂತಿದ್ದೆ. ಮುಂದಿನ ಸೀಟಿನಲ್ಲಿ ನಾನೇ ಕೂತಿದ್ದರೂ, ಯಾರೋ ಇಳಿದು ಒಳಗೆ ಹೋಗಿದ್ದಾರೆ, ಬಂದು ಸನ್ನೆ ಮಾಡುತ್ತಾರೆ ಎಂಬಂತೆ ಬಾಗಿಲು ನೋಡುತ್ತ ಕೂತಿದ್ದೆ. ಬಾಗಿಲಲ್ಲಿ ಒಂದು ಕೋಳಿ ಬಂದು ಹೋಯಿತು. ಆಮೇಲೆ ಇಳಿದೆ.

ತೀರಿಕೊಂಡವರ ಹೆಂಡತಿಯೇ ಬಾಗಿಲಿಗೆ ಬಂದರು. ವಯಸ್ಸಾದವರು, ಅತ್ತು ಅತ್ತು ಕಣ್ಣು ಬಾತಿದ್ದವು. ನಾನು ಕೈ ಮುಗಿದೆ.

“ಯಾರು ಬೇಕಾಗಿತ್ರಿ?” ಎಂದರು.

“ನಾ ಸಂಗ್ರಾಮಪ್ಪ ರಿ. ಬೀದರದಿಂದ ಬಂದೀನಿ.”

“ಯಾವ ಸಂಗ್ರಾಮಪ್ಪ ರಿ?”

ಹಿರಿಯ ನಾಯಕರು, ಬಡವರ ಬಂಧುಗಳು, ಸನ್ಮಾನ್ಯರು. ಆ ಮಾತುಗಳೆಲ್ಲ ಇನ್ನೊಬ್ಬರ ಬಾಯಿಂದ ಬರಬೇಕಾದವು. ಸ್ವಂತ ಬಾಯಿಂದ ಹೇಳಲು ಬರುವುದಿಲ್ಲ. ಮೂರು ಚುನಾವಣೆಯಲ್ಲಿ ಅವರ ಓಟು ಕೇಳಿದ ನಾನು ಬಾಗಿಲ ಮುಂದೆ ಏನು ಹೇಳಬೇಕೆಂದು ತಿಳಿಯದೆ ನಿಂತೆ. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ಕಾಯುತ್ತಿದ್ದರು.

“ಖಾಜಾಮಿಯಾನ ಜೋಡಿ ಬರ್ತಿದ್ನಲ್ರಿ” ಎಂದೆ.

ಆ ಮುಖ ಬದಲಾಯಿತು. “ಅಯ್ಯ, ಖಾಜಾಭಾಯಿ ಜೋಡಿದಾರೇನ್ರಿ! ಮೊದ್ಲೇ ಹೇಳಬಾರದೇನ್ರಿ” ಎಂದು ಬಾಗಿಲನ್ನು ಪೂರಾ ತೆಗೆದರು. ನನ್ನ ಹೆಗಲ ಮೇಲಿಂದ ಗಾಡಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಒಳಗಿನ ಕಡೆ ತಿರುಗಿ ಕೂಗಿದರು.

“ಖಾಜಾಭಾಯಿ ಕಡಿಯವರು ಬಂದಾರ. ಚಾಪಿ ಹಾಸ್ರಿ.”

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.